ಮುಯ್ಯಾಳಿಗೆ ಬನ್ನಿ

ನಿಮ್ಮ ತಾಲ್ಲೂಕಿನ ಬಸ್ ಸ್ಟ್ಯಾಂಡ್ ಎದುರಿಗೆ ಒಂದು ಡಿಟಿಪಿ ಅಂಗಡಿ ಇದ್ದೇ ಇರುತ್ತದೆ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಹಾಲಿನ ಡೇರಿಯ ವಾರ್ಷಿಕ ವರದಿ, ಊರಹಬ್ಬದ ಬ್ಯಾನರು, ತೀರಿಕೊಂಡವರ ಭಾವಪೂರ್ಣ ಶ್ರದ್ಧಾಂಜಲಿ, ಹೀಗೆ ಊರಿನ ಸುಖದುಃಖವೆಲ್ಲ ಹಾದುಹೋಗುವುದು ಅಲ್ಲಿರುವ ಒಂದು ಕಂಪ್ಯೂಟರಿನಿಂದ. ಒಮ್ಮೆ ಅಲ್ಲಿಗೆ ಹೋಗಿ. ಇಪ್ಪತ್ತು ವರ್ಷದ ಹಿಂದೆ ಟೈಪು ಮಾಡಿಟ್ಟ ಫೈಲೊಂದು ಸಿಕ್ಕರೆ ಅದನ್ನು ನಿಮ್ಮ ಮೊಬೈಲಿಗೆ ಹಾಕಿಸಿಕೊಂಡು ತೆರೆಯಿರಿ. ಕನ್ನಡ ಕಾಣಿಸುವುದಿಲ್ಲ. ನೆತ್ತಿಯ ಮೇಲೆ ಎರಡು ಚುಕ್ಕಿ ಹೊತ್ತ ಇಂಗ್ಲಿಷ್ ಎ, ಬಾಲ ಬೆಳೆಸಿಕೊಂಡ ಸಿ, ನಡುನಡುವೆ ಪೌಂಡಿನ ಗುರುತು, ತಲೆಕೆಳಗಾದ ಪ್ರಶ್ನಾರ್ಥಕ ಚಿಹ್ನೆ. ಅದು ಯಾರೋ ಮೇಷ್ಟ್ರು ಸೈಕಲ್ಲಿನಲ್ಲಿ ಹಳ್ಳಿ ಹಳ್ಳಿ ಸುತ್ತಿ ಬರೆದ ಊರ ಚರಿತ್ರೆ ಇದ್ದೀತು. ಯಾರೋ ಅಜ್ಜಿಯ ಬಾಯಿಂದ ಕೇಳಿ ಬರೆದುಕೊಂಡ ಸೋಬಾನೆ ಪದ ಇದ್ದೀತು. ಕಣ್ಣೆದುರಿಗೇ ಇದೆ. ಓದಲು ಬಾರದು.

ಏಕೆ ಹೀಗಾಯಿತು?

ಜಗತ್ತಿನ ಲಿಪಿಗಳಿಗೆಲ್ಲ ಒಂದೇ ಲೆಕ್ಕದ ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು. ಅದು ನಮ್ಮ ಮೇಜಿನ ಮೇಲಿನ ಕಂಪ್ಯೂಟರಿಗೆ ಇಳಿದು ಬರಲು ಮಾತ್ರ ಬಹುಕಾಲ ಹಿಡಿಯಿತು. ಆ ಹೊತ್ತಿಗೆ ಒಂದೊಂದು ತಂತ್ರಾಂಶವೂ ಇಂಗ್ಲಿಷ್ ಅಕ್ಷರಗಳ ಮನೆಯೊಳಗೆ ಕನ್ನಡದ ಚಿತ್ರಗಳನ್ನು ಕೂರಿಸಿ ತನ್ನದೇ ಫಾಂಟು, ತನ್ನದೇ ಸಂಕೇತ ಮಾಡಿಕೊಂಡಿತ್ತು. ಒಂದರಲ್ಲಿ ಬರೆದದ್ದು ಇನ್ನೊಂದರಲ್ಲಿ ಓದಲಾಗದು. ಫಾಂಟು ಇರುವ ತನಕ ಕನ್ನಡ, ಫಾಂಟು ಹೋದರೆ ಕಸ. ಅಂದು ಕನ್ನಡವನ್ನು ಪರದೆಯ ಮೇಲೆ ಮೂಡಿಸಿದವರ ಶ್ರಮವನ್ನು ನಾನು ಹಳಿಯುತ್ತಿಲ್ಲ; ಅವರಿಲ್ಲದಿದ್ದರೆ ಅಷ್ಟೂ ಆಗುತ್ತಿರಲಿಲ್ಲ. ತಪ್ಪು ನಮ್ಮದು. ನಮ್ಮ ಮಾತನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುವಾಗ ಬೀಗದ ಕೈ ಯಾರ ಹತ್ತಿರ ಇದೆ ಎಂದು ನಾವು ಕೇಳಲಿಲ್ಲ. ಪುಕ್ಕಟೆ ಸಿಕ್ಕಿತಲ್ಲ ಎಂದು ಸುಮ್ಮನಾದೆವು.

ಗೆಳೆಯರೇ, ಗೆಳತಿಯರೇ, ಈ ಪುಕ್ಕಟೆ ಎಂಬ ಮಾತಿನ ಹತ್ತಿರ ಸ್ವಲ್ಪ ನಿಲ್ಲೋಣ. ಇಂಗ್ಲಿಷಿನವರಿಗೆ ಇಲ್ಲೊಂದು ತೊಡಕಿದೆ. ಅವರ ‘ಫ್ರೀ’ ಎಂಬ ಒಂದೇ ಮಾತಿಗೆ ಕಾಸಿಲ್ಲದ್ದು ಎಂದೂ ಅರ್ಥ, ಕಟ್ಟಿಲ್ಲದ್ದು ಎಂದೂ ಅರ್ಥ. ಸ್ವತಂತ್ರ ತಂತ್ರಾಂಶದ ಮಾತನ್ನು ಜಗತ್ತಿಗೆ ಹೇಳಿದ ಅಮೆರಿಕದ ರಿಚರ್ಡ್ ಸ್ಟಾಲ್ಮನ್ ದಶಕಗಳಿಂದ ಸಭೆ ಸಭೆಯಲ್ಲಿ ಇದನ್ನೇ ಬಿಡಿಸಿ ಹೇಳಬೇಕಾಗಿದೆ. ನಮಗೆ ಆ ಕಷ್ಟವಿಲ್ಲ. ಕನ್ನಡದಲ್ಲಿ ಪುಕ್ಕಟೆ ಬೇರೆ, ಸ್ವತಂತ್ರ ಬೇರೆ. ಇಷ್ಟು ಸ್ಪಷ್ಟವಾದ ನುಡಿ ಇಟ್ಟುಕೊಂಡೂ ನಾವು ಎರಡನ್ನೂ ಒಂದೇ ಎಂದುಕೊಂಡೆವಲ್ಲ!

ಹೊಲದ ಪಂಪ್‌ಸೆಟ್ಟಿನ ಮೋಟಾರು ಸುಟ್ಟರೆ ಏನು ಮಾಡುತ್ತೇವೆ? ಹೋಬಳಿಯ ರಿವೈಂಡಿಂಗ್ ಅಂಗಡಿಗೆ ಒಯ್ಯುತ್ತೇವೆ. ಅಲ್ಲಿಯವನು ಮುಚ್ಚಳ ಬಿಚ್ಚಿ, ಸುಟ್ಟ ತಾಮ್ರದ ತಂತಿ ಕಿತ್ತು, ಹೊಸದು ಸುತ್ತಿ, ಮತ್ತೆ ನೀರು ಎತ್ತಿಸುತ್ತಾನೆ. ಅವನು ಯಾವ ಕಾಲೇಜಿಗೂ ಹೋದವನಲ್ಲ. ಬಿಚ್ಚಿ ಬಿಚ್ಚಿಯೇ ಕಲಿತವನು. ‘ಈ ಮೋಟಾರಿನ ಮುಚ್ಚಳ ಬಿಚ್ಚುವುದು ಅಪರಾಧ, ಒಳಗೇನಿದೆ ಎಂದು ಇಣುಕಕೂಡದು, ಪಕ್ಕದ ಹೊಲದವರಿಗೆ ಒಂದು ದಿನಕ್ಕೂ ಕೊಡಕೂಡದು, ಕಂಪನಿ ಸಾಕು ಎಂದ ದಿನ ಗುಜರಿಗೆ ಹಾಕಬೇಕು’ ಎಂದು ಯಾರಾದರೂ ಕರಾರು ಪತ್ರ ಮುಂದಿಟ್ಟರೆ ನಮ್ಮ ಯಾವ ರೈತ ಸಹಿ ಹಾಕಿಯಾನು? ಪತ್ರದ ಜೊತೆಗೆ ಅವರನ್ನೂ ಹೊಲದಿಂದಾಚೆ ಕಳಿಸುತ್ತಾನೆ. ಆದರೆ ನಾವು ಓದಿದವರು. ಪರದೆಯ ಮೇಲೆ ಇದೇ ಕರಾರು ಬಂದಾಗ ‘ಒಪ್ಪಿದೆ’ ಎಂಬ ಗುಂಡಿ ಒತ್ತುತ್ತೇವೆ. ಓದದೆ ಒತ್ತುತ್ತೇವೆ.

ಸ್ವತಂತ್ರ ತಂತ್ರಾಂಶ ಎಂದರೆ ಮುಚ್ಚಳ ಬಿಚ್ಚಬಹುದಾದ ಮೋಟಾರು, ಅಷ್ಟೇ. ನಿಮಗೆ ಬೇಕಾದ ಕೆಲಸಕ್ಕೆ ಓಡಿಸಬಹುದು, ಒಳಗೆ ನೋಡಿ ಕಲಿಯಬಹುದು, ಬೇಕಾದ ಹಾಗೆ ತಿದ್ದಿಕೊಳ್ಳಬಹುದು, ತಿದ್ದಿದ್ದನ್ನು ನಾಲ್ಕು ಜನಕ್ಕೆ ಹಂಚಬಹುದು. ಸ್ಟಾಲ್ಮನ್ 1983ರಲ್ಲಿ ಗ್ನೂ ಯೋಜನೆಯನ್ನು ಸಾರಿದರು. 1989ರಲ್ಲಿ ಅವರು ಬರೆದ ಜಿಪಿಎಲ್ ಎಂಬ ಪರವಾನಗಿ ಇದಕ್ಕೆ ಒಂದು ಗಂಟು ಹಾಕಿತು. ತಿದ್ದಿ ಹಂಚುವವರು ತಮಗೆ ಸಿಕ್ಕ ಹಕ್ಕನ್ನೆಲ್ಲ ಮುಂದಿನವರಿಗೂ ಕೊಡಬೇಕು. ತಾವು ಪಡೆದು, ಬಾಗಿಲು ಮುಚ್ಚಿಕೊಂಡು ಕೂರುವಂತಿಲ್ಲ.

ಇದು ಅಮೆರಿಕದ ಪ್ರಯೋಗಾಲಯದಲ್ಲಿ ಹುಟ್ಟಿದ ವಿಚಾರ ಎಂದು ಪುಸ್ತಕಗಳು ಹೇಳುತ್ತವೆ. ನನಗೆ ನಗು ಬರುತ್ತದೆ. ನಮ್ಮ ಮಲೆನಾಡಿನ, ಬಯಲುಸೀಮೆಯ ಅಜ್ಜಂದಿರಿಗೆ ಇದನ್ನು ವಿವರಿಸಿದರೆ ‘ಓ, ಮುಯ್ಯಾಳಾ?’ ಎಂದು ಎಲೆಅಡಿಕೆ ಬಾಯಿಗೆ ಹಾಕಿಕೊಂಡಾರು. ಇವತ್ತು ನಿನ್ನ ಗದ್ದೆಯ ನಾಟಿಗೆ ನಾನು, ನಾಳೆ ನನ್ನ ಗದ್ದೆಯ ಕುಯ್ಲಿಗೆ ನೀನು. ಕೂಲಿಯ ಲೆಕ್ಕವಿಲ್ಲ, ಋಣದ ಲೆಕ್ಕ ಉಂಟು. ಹೋಗದೆ ಇದ್ದವನ ಮನೆಯ ಕೆಲಸ ನಿಂತುಹೋಗುತ್ತಿತ್ತು.

1991ರಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿಯೊಬ್ಬ, ಲಿನಸ್ ಟೊರ್ವಾಲ್ಡ್ಸ್, ಹವ್ಯಾಸಕ್ಕೆಂದು ಒಂದು ಕಾರ್ಯಾಚರಣ ವ್ಯವಸ್ಥೆಯ ತಿರುಳನ್ನು ಬರೆಯತೊಡಗಿ, ಬರೆದದ್ದನ್ನು ಎಲ್ಲರ ಮುಂದಿಟ್ಟ. ಕಂಡರಿಯದ ಊರುಗಳಿಂದ ಕಂಡರಿಯದ ಜನ ಬಂದು ಕೈಹಾಕಿದರು. ಇಂದು ಆ ಲಿನಕ್ಸ್ ನಿಮ್ಮ ಜೇಬಿನ ಆಂಡ್ರಾಯ್ಡ್ ಫೋನಿನ ತಳಪಾಯ. ಜಗತ್ತಿನ ಅತಿ ವೇಗದ 500 ಸೂಪರ್ ಕಂಪ್ಯೂಟರುಗಳ ಪಟ್ಟಿಯಲ್ಲಿ 2017ರ ನವೆಂಬರಿನಿಂದ ಲಿನಕ್ಸ್ ಬಿಟ್ಟು ಬೇರೆ ಏನೂ ಇಲ್ಲ. ಸಿನಿಮಾ ನೋಡಲು ನೀವು ಒತ್ತುವ ಆ ಕಿತ್ತಳೆ ಬಣ್ಣದ ಕೋನು, ವಿಎಲ್‌ಸಿ, ಪ್ಯಾರಿಸ್ಸಿನ ಒಂದು ಇಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳು 1996ರಲ್ಲಿ ಹಿಡಿದ ಕೆಲಸ. ಲಿನಕ್ಸ್ ಬರೆಯತೊಡಗಿದಾಗ ಲಿನಸ್‌ಗೆ ಇಪ್ಪತ್ತೊಂದು ವರ್ಷ.

ನಿಮಗೀಗ ಎಷ್ಟು?

ನಮ್ಮ ನಾಡಿಗೆ ಬುದ್ಧಿಯ ಬರವಿಲ್ಲ. ಹಾಸನದಿಂದ, ಕೊಪ್ಪಳದಿಂದ, ಬೀದರಿನಿಂದ, ಕುಂದಾಪುರದಿಂದ ಪ್ರತಿ ವರ್ಷ ಹುಡುಗ ಹುಡುಗಿಯರು ಬೆಂಗಳೂರಿನ ಬಸ್ಸು ಹತ್ತಿ, ಪಿಜಿಯ ಸಣ್ಣ ಕೋಣೆಗಳಲ್ಲಿ ಉಳಿದು, ಜಗತ್ತಿನ ಬ್ಯಾಂಕುಗಳಿಗೆ, ವಿಮಾನಗಳಿಗೆ, ಆಸ್ಪತ್ರೆಗಳಿಗೆ ರಾತ್ರಿ ಹಗಲು ಕೋಡು ಬರೆಯುತ್ತಾರೆ. ಇದೇ ಬೆಂಗಳೂರಿನಲ್ಲಿ 2001ರಲ್ಲಿ ಲಿನಕ್ಸ್‌ಗಾಗಿಯೇ ದೊಡ್ಡ ಸಮ್ಮೇಳನ ಆರಂಭವಾಗಿ, ಮುಂದೆ ಫಾಸ್ ಡಾಟ್ ಇನ್ ಎಂಬ ಹೆಸರಿನಲ್ಲಿ 2012ರ ತನಕ ನಡೆಯಿತು. ಇದೇ ಊರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತವರ ಗೆಳೆಯರು ಬಡವರಿಗಾಗಿ ಅಂಗೈಯಗಲದ ಕಂಪ್ಯೂಟರು ಮಾಡಿದರು. ಸಿಂಪ್ಯೂಟರ್ ಅದರ ಹೆಸರು. ಒಳಗೆ ಓಡುತ್ತಿದ್ದದ್ದು ಲಿನಕ್ಸ್. ಯಂತ್ರದ ವಿನ್ಯಾಸವನ್ನೂ ಮುಚ್ಚಿಡದೆ ಹಂಚುವ ಪರವಾನಗಿ ಬರೆದರು. ಐಫೋನು ಹುಟ್ಟುವುದಕ್ಕೆ ಆರು ವರ್ಷ ಮೊದಲಿನ ಮಾತಿದು. ಮಾರುಕಟ್ಟೆಯಲ್ಲಿ ಅದು ಸೋತಿತು, ಒಪ್ಪುತ್ತೇನೆ. ಆದರೆ ಆ ಕನಸು ಕಂಡದ್ದು ಇಲ್ಲಿ. ನಮ್ಮ ನೀರು ಕುಡಿದವರು.

ಕನ್ನಡದ ಕೆಲಸಕ್ಕೆ ಬಂದರೆ, ಉಡುಪಿಯ ಕೆ. ಪಿ. ರಾವ್ ಅವರನ್ನು ನೆನೆಯದೆ ಕೀಲಿಮಣೆ ಮುಟ್ಟಬಾರದು ಎಂದು ನನ್ನ ನಂಬಿಕೆ. ಕನ್ನಡದ ಅಷ್ಟೂ ಅಕ್ಷರ, ಕಾಗುಣಿತ, ಒತ್ತುಗಳನ್ನು ಇಂಗ್ಲಿಷಿನ ಇಪ್ಪತ್ತಾರು ಕೀಲಿಗಳೊಳಗೆ ಕೂರಿಸಿದ ಜಾಣ್ಮೆ ಅವರದು. ‘ಎಫ್’ ಒತ್ತಿದರೆ ಒತ್ತಕ್ಷರ ಮೂಡುವ ಆ ಉಪಾಯವನ್ನು ಇಂದು ಲಕ್ಷಾಂತರ ಬೆರಳುಗಳು ಯಾರದು ಎಂದು ತಿಳಿಯದೆಯೇ ಬಳಸುತ್ತವೆ. ಮೂಡಿಗೆರೆಯ ಕಾಫಿ ತೋಟದಿಂದ ಪೂರ್ಣಚಂದ್ರ ತೇಜಸ್ವಿ ತಮ್ಮ ಕೊನೆಯ ವರ್ಷಗಳಲ್ಲಿ ಕನ್ನಡ ತಂತ್ರಾಂಶಕ್ಕಾಗಿ ದನಿ ಎತ್ತಿದ್ದನ್ನೂ ಮರೆಯಬಾರದು. ಕಥೆಗಾರನಿಗೇಕೆ ಈ ಉಸಾಬರಿ ಎಂದು ಆಗ ಹಲವರಿಗೆ ಅನ್ನಿಸಿರಬೇಕು.

ಇನ್ನೊಬ್ಬರ ಕತೆ ಕೇಳಿ. ವಿ. ಕೃಷ್ಣ ಎಂಬವರು ನಾಲ್ಕು ದಶಕ ಒಬ್ಬರೇ ಕೂತು ಕನ್ನಡ-ಇಂಗ್ಲಿಷ್ ನಿಘಂಟು ಕಟ್ಟಿದರು. ಒಂದೂವರೆ ಲಕ್ಷ ಪದಗಳು. ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಬಹುದಿತ್ತು. 2019ರಲ್ಲಿ ‘ಅಲರ್’ ಎಂಬ ಹೆಸರಿನಲ್ಲಿ ಅಷ್ಟನ್ನೂ ಮುಕ್ತ ಪರವಾನಗಿಯಲ್ಲಿ ನಾಡಿನ ಮಡಿಲಿಗೆ ಹಾಕಿದರು. ಇಂದು ನೀವು ಆ ದತ್ತಾಂಶವನ್ನು ಇಳಿಸಿಕೊಂಡು ಪದಬಂಧದ ಆಟ ಕಟ್ಟಬಹುದು, ಕಾಗುಣಿತ ತಿದ್ದುವ ಉಪಕರಣ ಕಟ್ಟಬಹುದು, ಕಣ್ಣು ಕಾಣದವರಿಗೆ ಓದಿ ಹೇಳುವ ನಿಘಂಟು ಕಟ್ಟಬಹುದು. ಯಾರ ಅಪ್ಪಣೆಯೂ ಬೇಡ. ‘ವಚನ ಸಂಚಯ’ದವರು ಸಾವಿರಾರು ವಚನಗಳನ್ನು ಹುಡುಕಲು ಬರುವ ಹಾಗೆ ಜೋಡಿಸಿಟ್ಟರು, ಬಸವಣ್ಣ ಒಂದು ಮಾತನ್ನು ಎಲ್ಲೆಲ್ಲಿ ಬಳಸಿದ್ದಾನೆ ಎಂದು ತಿಳಿಯಲು ವಿದ್ವಾಂಸರೇ ಆಗಬೇಕಿಲ್ಲ, ಪಿಯುಸಿ ಹುಡುಗಿ ಬಸ್ಸಿನಲ್ಲಿ ಕೂತು ಹುಡುಕಬಹುದು. 2003ರಲ್ಲಿ ತೆರೆದ ಕನ್ನಡ ವಿಕಿಪೀಡಿಯ, 2016ರಲ್ಲಿ ತೆರೆದ ತುಳು ವಿಕಿಪೀಡಿಯ, ಎರಡೂ ಇಂಥವೇ ಕೈಗಳ ಕೆಲಸ. ಕರಾವಳಿಯ ಗೆಳೆಯರೇ, ನಿಮಗೊಂದು ಹೊಸ ಗದ್ದೆಯೂ ಕಾದಿದೆ. ತುಳು-ತಿಗಳಾರಿ ಲಿಪಿ 2024ರ ಸೆಪ್ಟೆಂಬರಿನಲ್ಲಿ ಯೂನಿಕೋಡಿಗೆ ಸೇರಿತು. ಅದಕ್ಕೆ ಚೆಂದದ ಫಾಂಟು ಬೇಕು, ಕೀಲಿಮಣೆ ಬೇಕು, ತಾಳೆಗರಿ ಓದುವ ಉಪಕರಣ ಬೇಕು. ಯಾರು ಮಾಡಬೇಕು? ಕ್ಯಾಲಿಫೋರ್ನಿಯಾದವರೇ?

ನೆರೆಯ ಕೇರಳವನ್ನು ನೋಡಿದರೆ ನನಗೆ ಹೊಟ್ಟೆಕಿಚ್ಚಾಗುತ್ತದೆ, ಮುಚ್ಚಿಡುವುದಿಲ್ಲ. ಅಲ್ಲಿಯ ಸರ್ಕಾರಿ ಶಾಲೆಗಳ ಕಂಪ್ಯೂಟರುಗಳಲ್ಲಿ ಓಡುವುದು ಸ್ವತಂತ್ರ ತಂತ್ರಾಂಶ. ಮಕ್ಕಳಿಗಾಗಿ ಅಲ್ಲಿಯೇ ಹೊಂದಿಸಿಕೊಂಡ ಲಿನಕ್ಸ್. ಎರಡು ಲಕ್ಷಕ್ಕೂ ಹೆಚ್ಚು ಯಂತ್ರಗಳು, ಇದರಿಂದ ಉಳಿದದ್ದು 3000 ಕೋಟಿ ರೂಪಾಯಿ ಎಂದು ಅಲ್ಲಿಯ ಸರ್ಕಾರಿ ಸಂಸ್ಥೆಯೇ ಲೆಕ್ಕ ಕೊಟ್ಟಿದೆ. ಹಣದ ಮಾತು ಬಿಡಿ. 2002ರಲ್ಲಿ ಕಲ್ಲಿಕೋಟೆಯ ಒಬ್ಬ ಇಂಜಿನಿಯರಿಂಗ್ ವಿದ್ಯಾರ್ಥಿ ಹಚ್ಚಿದ ‘ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್’ ಎಂಬ ದೀಪ ಇಂದು ಆ ಭಾಷೆಗೆ ಒಂದರ ಮೇಲೊಂದು ಫಾಂಟು ಕೊಡುತ್ತಿದೆ. ನಮ್ಮಲ್ಲಿ ಏನೂ ಆಗಿಲ್ಲ ಎನ್ನಲಾರೆ. ‘ಗುಬ್ಬಿ’, ‘ನವಿಲು’ ಎಂಬ ಮುದ್ದಾದ ಮುಕ್ತ ಫಾಂಟುಗಳು ಕನ್ನಡಿಗರ ಕೈಯಿಂದಲೇ ಬಂದವು. ಶಿಕ್ಷಕರು ಸೇರಿ ಕಟ್ಟಿದ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲವಿದೆ. ಬೆಂಗಳೂರಿನ ಕೊಳೆಗೇರಿಯೊಂದರಲ್ಲಿ ಅಂಬೇಡ್ಕರ್ ಹೆಸರಿನ ಕಂಪ್ಯೂಟರು ಕೇಂದ್ರ ನಡೆಸಿ ಬಡ ಮಕ್ಕಳಿಗೆ ಲಿನಕ್ಸ್ ಕಲಿಸಿದ ಗೆಳೆಯರಿದ್ದಾರೆ. ಕೈಗಳು ಇವೆ. ಸಾಲದು.

ಈಗಲೇ ಏಕೆ ಎಂದು ಕೇಳುತ್ತೀರಾ? 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಿತು. ಅದರ ಮುಂದಿನ ಆವೃತ್ತಿ ಬಹಳಷ್ಟು ಹಳೆಯ ಯಂತ್ರಗಳನ್ನು ಒಳಗೇ ಬಿಟ್ಟುಕೊಳ್ಳುವುದಿಲ್ಲ. ಶಾಲೆಯ ಲ್ಯಾಬಿನಲ್ಲಿ, ಪಂಚಾಯಿತಿ ಗ್ರಂಥಾಲಯದಲ್ಲಿ, ಸೊಸೈಟಿಯ ಕೋಣೆಯಲ್ಲಿ ಕೈಕಾಲು ಗಟ್ಟಿಯಿರುವ ಕಂಪ್ಯೂಟರುಗಳು ಪ್ಲಾಸ್ಟಿಕ್ ಹೊದಿಕೆ ಹೊದ್ದು ಮುದಿಯಾದವೆನ್ನಿಸಿಕೊಂಡು ಕೂತಿವೆ. ಅವು ಸತ್ತಿಲ್ಲ. ನಾಲ್ಕು ಜಿಬಿ ರ‍್ಯಾಮ್ ಇದ್ದರೆ ಲಿನಕ್ಸ್ ಮಿಂಟ್ ಹಾಕಿ ನೋಡಿ. ಲೈವ್ ಪೆನ್‌ಡ್ರೈವಿನಿಂದ ಓಡಿಸಿದರೆ ಒಳಗಿರುವುದನ್ನು ಮುಟ್ಟುವ ಅಗತ್ಯವೂ ಇಲ್ಲ. ಒಂದು ಮಧ್ಯಾಹ್ನದ ಕೆಲಸ. ಇಪ್ಪತ್ತು ಮಕ್ಕಳಿಗೆ ಇಪ್ಪತ್ತು ಕೀಲಿಮಣೆ.

ಕಹಿಯಾದ ಒಂದು ಮಾತನ್ನೂ ಆಡಿಬಿಡುತ್ತೇನೆ. ನಮ್ಮ ಸ್ಟುಡಿಯೊಗಳಲ್ಲಿ, ಹಾಸ್ಟೆಲುಗಳಲ್ಲಿ, ಡಿಟಿಪಿ ಅಂಗಡಿಗಳಲ್ಲಿ ಓಡುವುದರಲ್ಲಿ ಎಷ್ಟೋ ಕದ್ದ ಮಾಲು. ‘ಕ್ರ್ಯಾಕ್ ಮಾಡಿದ್ದು’ ಎಂದು ಹೆಮ್ಮೆಯಿಂದ ಹೇಳುತ್ತೇವೆ. ಪಕ್ಕದ ಮನೆಯ ತೆಂಗಿನಕಾಯಿ ಕದಿಯಲು ನಾಚುವ ನಾವು ಇದಕ್ಕೇಕೆ ನಾಚುವುದಿಲ್ಲ? ಚಿತ್ರ ತಿದ್ದಲು ಗಿಂಪ್ ಇದೆ, ವಿನ್ಯಾಸಕ್ಕೆ ಇಂಕ್‌ಸ್ಕೇಪ್ ಇದೆ, ಪುಸ್ತಕ ಕಟ್ಟಲು ಸ್ಕ್ರೈಬಸ್ ಇದೆ, ಪತ್ರ ಲೆಕ್ಕಗಳಿಗೆ ಲಿಬ್ರೆಆಫೀಸ್ ಇದೆ. ಕಲಿಯಲು ನಾಲ್ಕು ದಿನ ಹೆಚ್ಚು ಹಿಡಿದೀತು. ಮೊದಲ ದಿನ ಆ ಡಿಟಿಪಿ ಅಣ್ಣ ನಿಮ್ಮನ್ನು ಬೈದಾನು. ಬೈಸಿಕೊಳ್ಳಿ. ಕಳ್ಳತನದಲ್ಲಿ ಕಲಿತ ವಿದ್ಯೆಯಿಂದ ತಲೆಯೆತ್ತಿ ಅಂಗಡಿ ನಡೆಸಲಾಗದು ಎಂದು ಅವನಿಗೂ ಒಳಗೊಳಗೇ ಗೊತ್ತು.

‘ನನಗೆ ಕೋಡು ಬರೆಯಲು ಬರುವುದಿಲ್ಲವಲ್ಲ’ ಎನ್ನುವವರು ಮುಂದೆ ಬನ್ನಿ. ಹೆಚ್ಚು ಬೇಕಾದವರು ನೀವೇ. ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಎಲ್ಲರ ಭೂಪಟದಲ್ಲಿ ನಿಮ್ಮ ಊರಿನ ಕೆರೆಗೆ ಹೆಸರಿದೆಯೇ? ತೋಪಿಗೆ, ಗೋಕಟ್ಟೆಗೆ, ಆ ಮೂರು ದಾರಿ ಕೂಡುವ ಬೇವಿನಮರದ ಕಟ್ಟೆಗೆ? ಅವುಗಳ ಹೆಸರು ಗೊತ್ತಿರುವುದು ನಿಮ್ಮ ಅಜ್ಜನಿಗೆ, ಮತ್ತು ಅಜ್ಜ ಹೇಳಿದರೆ ನಿಮಗೆ. ಯಾವ ಕಂಪನಿಗೂ ಗೊತ್ತಿಲ್ಲ. ಟೆಸರಾಕ್ಟ್ ಎಂಬ ಮುಕ್ತ ತಂತ್ರಾಂಶ ಕನ್ನಡದ ಅಚ್ಚಿನ ಪುಟವನ್ನು ಓದಿ ಅಕ್ಷರ ಮಾಡಿಕೊಡುತ್ತದೆ. ಆದರೆ ಳ ಎಲ್ಲಿ ಲ ಆಯಿತು, ಯಾವ ಒತ್ತು ಉದುರಿತು ಎಂದು ನೋಡಿ ತಿದ್ದಲು ಕನ್ನಡ ಬಲ್ಲ ಕಣ್ಣು ಬೇಕು. ತಂತ್ರಾಂಶದ ಸಾಲುಗಳನ್ನು ಕನ್ನಡಕ್ಕೆ ತರುವ ಕೆಲಸವಂತೂ ಬೆಟ್ಟದಷ್ಟು ಬಿದ್ದಿದೆ. (ಇಲ್ಲಿ ಒಂದು ಬೇಡಿಕೆ. ದಯವಿಟ್ಟು ಮೌಸನ್ನು ಮೂಷಿಕ ಮಾಡಬೇಡಿ. ಕಡತ ಚೆನ್ನಾಗಿದೆ, ಉಳಿಸು ಚೆನ್ನಾಗಿದೆ. ಆದರೆ ಮೌಸು ಮೌಸೇ ಆಗಿ ನಮ್ಮ ಮನೆ ಸೇರಿಯಾಯಿತು. ಬಸ್ಸು, ಬಕೆಟ್ಟುಗಳ ಪಕ್ಕ ಅದಕ್ಕೂ ಜಾಗವಿದೆ.)

ಸೂಕ್ಷ್ಮ ಕಣ್ಣಿಗೆ ಎಷ್ಟು ಬೆಲೆ ಎಂದು ತಿಳಿಯಬೇಕೇ? 2024ರ ಮಾರ್ಚಿನಲ್ಲಿ ಆಂಡ್ರೆಸ್ ಫ್ರಾಯಿಂಡ್ ಎಂಬ ಇಂಜಿನಿಯರು ತನ್ನ ಯಂತ್ರಕ್ಕೆ ದೂರದಿಂದ ಲಾಗಿನ್ ಆಗಲು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆ ಎಂದು ಗಮನಿಸಿದ. ಅರ್ಧ ಸೆಕೆಂಡು! ನಾವಾಗಿದ್ದರೆ ನೆಟ್‌ವರ್ಕ್ ನಿಧಾನ ಎಂದು ಬೈದು ಕಾಫಿಗೆ ಹೋಗುತ್ತಿದ್ದೆವು. ಅವನು ಬಿಡದೆ ಬೆನ್ನುಹತ್ತಿದ. ಎಕ್ಸ್‌ಜೆಡ್ ಎಂಬ ಪುಟ್ಟ ತಂತ್ರಾಂಶದೊಳಗೆ ಯಾರೋ ಎರಡು ವರ್ಷ ವಿಶ್ವಾಸ ಗಳಿಸಿ ಹೊಂಚುಹಾಕಿ ಇಟ್ಟಿದ್ದ ಕಳ್ಳಬಾಗಿಲು ಸಿಕ್ಕಿತು. ಜಗತ್ತಿನ ಎಷ್ಟೋ ಸರ್ವರುಗಳ ಒಳಗೆ ನುಗ್ಗಬಹುದಾಗಿದ್ದ ಬಾಗಿಲದು. ಮುಕ್ತವಾಗಿದ್ದರಿಂದಲೇ ಆ ಕಳ್ಳ ಒಳಬಂದ ಎಂದು ಕೆಲವರು ಹೇಳಿದರು, ಅದು ಸುಳ್ಳಲ್ಲ. ಮುಚ್ಚಳ ಬಿಚ್ಚಲು ಬಂದದ್ದರಿಂದಲೇ ಸಿಕ್ಕಿಬಿದ್ದ ಎಂಬುದೂ ಸುಳ್ಳಲ್ಲ. ಆ ತಂತ್ರಾಂಶವನ್ನು ವರ್ಷಗಟ್ಟಲೆ ಕಾದಿದ್ದವನು ದಣಿದ ಒಬ್ಬನೇ ಮನುಷ್ಯ. ಅವನ ಗದ್ದೆಗೆ ಮುಯ್ಯಾಳು ಬಂದಿರಲಿಲ್ಲ.

ಈಗ ನಿಮ್ಮ ಮೊಬೈಲು ತೆಗೆಯಿರಿ. ‘ರಾಷ್ಟ್ರ’ ಎಂದು ಟೈಪು ಮಾಡಿ. ಷಕಾರದ ಕಾಲಡಿಗೆ ಟಕಾರ, ಅದರ ಜೊತೆಗೆ ರಕಾರ, ಎಲ್ಲ ತಂತಮ್ಮ ಜಾಗದಲ್ಲಿ ಕೂತವಲ್ಲ, ಅವನ್ನು ಕೂರಿಸಿದವರು ಯಾರು? ಹಾರ್ಫ್‌ಬಜ್ ಎಂಬ ಸ್ವತಂತ್ರ ತಂತ್ರಾಂಶ. ಆಂಡ್ರಾಯ್ಡ್, ಕ್ರೋಮ್, ಫೈರ್‌ಫಾಕ್ಸ್, ಲಿಬ್ರೆಆಫೀಸ್, ಎಲ್ಲದರ ಒಳಗೂ ಕೂತು ಅಕ್ಷರಕ್ಕೆ ಅಕ್ಷರ ಹೆಣೆಯುವುದು ಅದೇ. ಅದನ್ನು ಕಟ್ಟಿದವರಲ್ಲಿ ಮುಖ್ಯರು ಬೆಹ್ದಾದ್ ಇಸ್ಫಹಬೋದ್, ಇರಾನಿನಲ್ಲಿ ಹುಟ್ಟಿದವರು. ಹಾರ್ಫ್‌ಬಜ್ ಎಂಬುದೂ ಪಾರ್ಸಿ ಮಾತೇ, ತೆರೆದ ಅಕ್ಷರ ಎಂದು ಅರ್ಥ. ನಾವು ಅಮ್ಮನಿಗೆ ಕಳಿಸುವ ಸಂದೇಶದ, ಪ್ರೇಮಪತ್ರದ, ಪತ್ರಿಕೆಯ ಮುಖಪುಟದ ಒತ್ತಕ್ಷರಗಳನ್ನು ಪಾರ್ಸಿ ನುಡಿಯ ಒಬ್ಬ ಮನುಷ್ಯ ಮತ್ತು ಅವನ ಜೊತೆಗಾರರು ನೇರ ಮಾಡಿಕೊಟ್ಟರು. ನಮ್ಮ ಹತ್ತಿರ ಕೂಲಿ ಕೇಳಲಿಲ್ಲ. ನಮ್ಮ ಗದ್ದೆಯ ನಾಟಿ ಮುಗಿಸಿ ಕೈ ತೊಳೆದುಕೊಂಡು ಹೋದರು.

ನಾವು ಯಾರ ಗದ್ದೆಗೆ ಹೋದೆವು?

ಈ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಹೊರಡೋಣ. ಹೆಡ್‌ಮಾಸ್ಟರನ್ನು ಕೇಳಿ ಶಾಲೆಯ ಲ್ಯಾಬಿನ ಬೀಗ ತೆಗೆಸಿ. ಒಂದು ಪೆನ್‌ಡ್ರೈವ್ ಇರಲಿ, ಎಂಟು ಜಿಬಿಯದ್ದಾದರೂ ಸಾಕು. ಕರೆಂಟು ಹೋದರೆ ಬರುವ ತನಕ ಭೂಪಟಕ್ಕೆ ಊರಿನ ಹೆಸರುಗಳನ್ನು ಬರೆದುಕೊಳ್ಳಲು ಒಂದು ನೋಟ್‌ಬುಕ್ಕು, ಹೇಳಲು ಒಬ್ಬ ಅಜ್ಜ. ಬರುವಾಗ ದಾರಿಯಲ್ಲಿ ಆ ಡಿಟಿಪಿ ಅಂಗಡಿಯ ಹತ್ತಿರ ನಿಂತು, ‘ಅಣ್ಣಾ, ಹಳೇ ಸಿಡಿ ಏನಾದರೂ ಇದ್ದರೆ ಎಸೆಯಬೇಡಿ, ತಗೊಂಡು ಬನ್ನಿ’ ಎಂದು ಕೂಗಿ. ಆ ಮೇಷ್ಟ್ರು ಬರೆದ ಊರ ಚರಿತ್ರೆ ಅದರಲ್ಲೇ ಇರಬಹುದು. ಹಳೆಯ ಸಂಕೇತದಿಂದ ಯೂನಿಕೋಡಿಗೆ ತರುವ ಉಪಕರಣಗಳಿವೆ. ಮೊದಲ ಪುಟ ಓದಲು ಬಂದ ಕೂಡಲೇ ಮೇಷ್ಟ್ರಿಗೆ ಫೋನು ಮಾಡಿ, ಗಟ್ಟಿಯಾಗಿ ಓದಿ ಹೇಳಿ.